ಎಣ್ಣೆ ಹಚ್ಚಲಾಗುವಷ್ಟೇ ಸಾಮಾನು

ನಾಲ್ಕು ಸುತ್ತಿಗೆ ಇರುವ ಮನೆಗೆ ನಾನು ಐದನೆಯದನ್ನು ತಂದ ದಿನ ಹೆಂಡತಿ ಏನೂ ಹೇಳಲಿಲ್ಲ. ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಳು, ಅಷ್ಟೆ. ಹೊಸದು ತಂದದ್ದು ಹಳೆಯವು ಹಾಳಾಗಿ ಅಲ್ಲ, ಬೇಕಾದಾಗ ಒಂದೂ ಕೈಗೆ ಸಿಗದೆ.

ಉಡುಪಿ ಹತ್ತಿರದ ಕಟಪಾಡಿಯಲ್ಲಿ ನಮ್ಮ ಮನೆಯಿಂದ ಕಡಲು ದೂರವಿಲ್ಲ. ದನ ಸಾಕುವುದು ನಿಂತ ಮೇಲೆ ಹಟ್ಟಿಯನ್ನು ಅಪ್ಪ ಪಂಪುಸೆಟ್ಟು ರಿಪೇರಿಗೆ ಮಾಡಿಕೊಂಡಿದ್ದರು. ಅವರ ನಂತರ ನಾನು ಮರಗೆಲಸದ ಹುಚ್ಚು ಹಿಡಿಸಿಕೊಂಡು ಅಲ್ಲೇ ಕೂತೆ. 18 ಅಡಿ ಉದ್ದ, 10 ಅಡಿ ಅಗಲ, ಮುರಕಲ್ಲಿನ ಗೋಡೆ, ಹಂಚಿನ ಮಾಡು. ಅದರೊಳಗೆ ಎರಡು ತಲೆಮಾರಿನ "ಇರಲಿ, ಮುಂದೆ ಬೇಕಾದೀತು" ತುಂಬಿ, ಕೊನೆಗೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು.

ಏಪ್ರಿಲ್ ನಡುವಿನ ಬಿಸು, ಅಂದರೆ ತುಳುವರ ಹೊಸ ವರ್ಷ, ಕಳೆದ ಮರುದಿನ ಶುರು ಮಾಡಿದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯೊಳಗೆ ಮುಗಿಸಬೇಕು ಎಂದು ಲೆಕ್ಕ. ಆ ದಿನ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ಮಳೆ ಯಾವಾಗ ಹಿಡಿಯುತ್ತದೋ ಹೇಳಲಾಗುವುದಿಲ್ಲ. ಮೊದಲ ದಿನವೇ ಹುರುಪಿನಲ್ಲಿ ಇದ್ದದ್ದೆಲ್ಲ ಅಂಗಳಕ್ಕೆ ತಂದು ಸುರಿದೆ. ಸಂಜೆ ನಾಲ್ಕಕ್ಕೆ ಗುಡುಗು, ನಾಲ್ಕೂಕಾಲಕ್ಕೆ ಮಳೆ. ತಾರ್ಪಾಲು ಹುಡುಕಿದರೆ ಅದೂ ಆ ರಾಶಿಯ ಅಡಿಯಲ್ಲೇ ಇತ್ತು. ಆಮೇಲೆ ದಿನಕ್ಕೊಂದು ಗೋಡೆ, ಅದೂ ಮಧ್ಯಾಹ್ನದೊಳಗೆ ಎಂದು ಮಾಡಿಕೊಂಡೆ.

ಬೇಕು, ಬೇಡ, ನೋಡುವ ಎಂದು ಮೂರು ರಾಶಿ ಹಾಕಿದ್ದೆ. ಮೂರು ದಿನ ಕಳೆಯುವಾಗ 'ನೋಡುವ' ರಾಶಿ ನನ್ನ ಎದೆಮಟ್ಟಕ್ಕೆ ಬಂದಿತ್ತು. ಕಿಟಕಿಯ ಕೆಲಸಕ್ಕೆ ಬಂದಿದ್ದ ಬಡಗಿ ಆಚಾರ್ರು ಅದರಿಂದ ಒಂದು ಉಳಿ ಎತ್ತಿ ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಬೆರಳು ಕೆಂಪಾಯಿತು.

"ಇದಕ್ಕೆ ಎಣ್ಣೆ ಹಚ್ಚದೆ ಎಷ್ಟು ಮಳೆ ಆಯ್ತು ಮಾರಾಯ್ರೆ?"

"ಏಳೆಂಟು ಆಗಿರಬಹುದು ಆಚಾರ್ರೆ."

"ಹಾಗಾದರೆ ಇದು ನಿಮ್ಮದಲ್ಲ, ಮಳೆಯದ್ದು."

ಅವರು ತಮಾಷೆಗೆ ಹೇಳಿ ಚಹಾ ಕುಡಿಯಲು ಹೋದರು, ನನಗೆ ಅಳತೆಗೋಲು ಸಿಕ್ಕಿತು. ಘಟ್ಟದ ಮೇಲೆ ಒಂದು ಉಳಿಯನ್ನು ಹತ್ತು ವರ್ಷ ಮರೆತರೂ ಅದು ಉಳಿಯಾಗಿಯೇ ಇದ್ದೀತು. ಇಲ್ಲಿ ಹಾಗಲ್ಲ. ಕಡಲ ಗಾಳಿಯ ಉಪ್ಪು ಕಬ್ಬಿಣದ ಮೇಲೆ ಕೂತು ತೇವ ಎಳೆಯುತ್ತದೆ, ಮುಚ್ಚಿದ ಡ್ರಾಯರಿನೊಳಗೂ ತುಕ್ಕು ಬರುತ್ತದೆ. ಮಳೆಗೆ ಮೊದಲು ಒಮ್ಮೆ, ಸೋಣ ತಿಂಗಳಲ್ಲಿ (ಆಗಸ್ಟ್–ಸೆಪ್ಟೆಂಬರ್) ಇನ್ನೊಮ್ಮೆ ಒರೆಸಿ ಎಣ್ಣೆ ಹಚ್ಚಲೇಬೇಕು. ಒಂದು ಮಧ್ಯಾಹ್ನ ಕೂತು ಹಚ್ಚಿ ನೋಡಿದೆ: ಸೊಂಟ ನೋಯುವ ಮೊದಲು 40 ಸಾಮಾನು ಆಯಿತು. ಹಾಗಾಗಿ 40ಕ್ಕೇ ನಿಲ್ಲಿಸಿದೆ. ಇದನ್ನು ಮುಂದೆ ಬಳಸುತ್ತೇನೆಯೇ ಎಂದು ಕೇಳಿದರೆ ಮನಸ್ಸು ಯಾವಾಗಲೂ ಹೌದು ಅನ್ನುತ್ತದೆ. ಮೇ ತಿಂಗಳ ಸೆಕೆಯಲ್ಲಿ ಕೂತು ಇದಕ್ಕೆ ಎಣ್ಣೆ ಹಚ್ಚುತ್ತೇನೆಯೇ ಎಂದರೆ ಸುಳ್ಳು ಹೇಳಲು ಬರುವುದಿಲ್ಲ. ಹ್ಯಾಕ್ಸಾ ಫ್ರೇಮು ಮೂರರಲ್ಲಿ ಒಂದು ಉಳಿಯಿತು, ಸ್ಕ್ರೂಡ್ರೈವರು ಹನ್ನೊಂದರಲ್ಲಿ ನಾಲ್ಕು. ಸುತ್ತಿಗೆ ಎರಡು. ಐದನೆಯದು ಈಗ ತೆಂಗಿನಕಾಯಿ ಒಡೆಯಲು ಅಡುಗೆಮನೆಯಲ್ಲಿದೆ.

ಉಳಿಸಿದವುಗಳ ತುಕ್ಕು ತೆಗೆಯಲು ಔಷಧಿ ತರಲಿಲ್ಲ. ಬಾವಿಕಟ್ಟೆಯ ಪಕ್ಕದ ಬಿಂಬುಳಿ ಮರದಡಿ ಅದರ ಹುಳಿ ಹಣ್ಣು ಕೊಳೆಯುತ್ತಾ ಬಿದ್ದಿತ್ತು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇರುತ್ತದೆ, ಅದಕ್ಕೇ ಅಜ್ಜಿಯಂದಿರು ಹಿತ್ತಾಳೆ ಪಾತ್ರೆಗೆ ಉಜ್ಜುತ್ತಿದ್ದದ್ದು. ಜಜ್ಜಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ, ಉಳಿಗಳನ್ನು ರಾತ್ರಿ ಮುಳುಗಿಸಿ, ಬೆಳಿಗ್ಗೆ ತಂತಿ ಬ್ರಶ್ಶಿನಿಂದ ಉಜ್ಜಿದರೆ ಬೂದು ಬಣ್ಣದ ಉಕ್ಕು ಕಾಣಿಸಿತು. ಆಮೇಲೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಬಿಸಿ ಆರುವ ಮೊದಲೇ ಮೆಷಿನ್ ಆಯಿಲ್ ಹಚ್ಚಬೇಕು. ತಡಮಾಡಿದರೆ ಊಟ ಮಾಡಿ ಬರುವಷ್ಟರಲ್ಲಿ ಹೊಸ ತುಕ್ಕು ಹಿಡಿಯುತ್ತದೆ. ಒಂದು ಉಳಿಯನ್ನು ಬಕೆಟ್ಟಿನಲ್ಲೇ ಎರಡು ದಿನ ಮರೆತುಬಿಟ್ಟೆ, ಅದರ ಮುಖ ಸಿಡುಬು ಎದ್ದವರ ಹಾಗೆ ಆಗಿದೆ. ತೆಂಗಿನೆಣ್ಣೆ ಹಚ್ಚಲು ಹೋಗಬೇಡಿ, ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ತುಕ್ಕು ಬಾರದಿರಲಿ ಎಂದು ಪೆಟ್ಟಿಗೆಯೊಳಗೆ ನಾಲ್ಕು ಕರ್ಪೂರದ ಬಿಲ್ಲೆ ಹಾಕಿಟ್ಟಿದ್ದೇನೆ.

ನಟ್ಟು–ಬೋಲ್ಟಿನ ಡಬ್ಬಗಳಿಗೆ ಎರಡು ದಿನ ಹೋಯಿತು. ಅಪ್ಪನ ಕಾಲದ ಪಂಪುಗಳಲ್ಲಿ ಇದ್ದದ್ದು ಅಂಗುಲದ ಬೋಲ್ಟು, ನಾನು ತಂದದ್ದು ಮೆಟ್ರಿಕ್, ಡಬ್ಬ ಮಾತ್ರ ಒಂದೇ. 5/16 ಅಂಗುಲ ಎಂದರೆ 7.94 ಮಿ.ಮೀ., ಕಣ್ಣಿಗೆ ಅದಕ್ಕೂ 8 ಮಿ.ಮೀ. ಬೋಲ್ಟಿಗೂ ವ್ಯತ್ಯಾಸವೇ ಇಲ್ಲ. ಆದರೆ ಮೊದಲನೆಯದಕ್ಕೆ ಅಂಗುಲಕ್ಕೆ 18 ಸುತ್ತು, ಎರಡನೆಯದಕ್ಕೆ 1.25 ಮಿ.ಮೀ.ಗೊಂದು ಸುತ್ತು. ಅದಕ್ಕೆ ಇದರ ನಟ್ಟು ಹಾಕಿದರೆ ಸ್ವಲ್ಪ ಹೋಗಿ ಕಚ್ಚಿಕೊಳ್ಳುತ್ತದೆ. ಇನ್ನೂ ತಿರುಗಿಸಿದರೆ ಎರಡೂ ಹಾಳು. ಎಷ್ಟು ಬೋಲ್ಟಿಗೆ ನಾನು ಬೈದಿದ್ದೆನೋ! ಎರಡೂ ಜಾತಿಯ ಒಂದೊಂದು ನಟ್ಟನ್ನು ತಂತಿಗೆ ಪೋಣಿಸಿ ಇಟ್ಟುಕೊಂಡು ಪ್ರತಿ ಬೋಲ್ಟನ್ನೂ ತಿರುಗಿಸಿ ನೋಡಿದೆ. ಅಂಗುಲದ್ದರಲ್ಲಿ ಅಪ್ಪನ ವೈಸಿಗೆ (ಸಾಮಾನು ಬಿಗಿದು ಹಿಡಿಯುವ ಸಾಧನ) ಬೇಕಾದ ಒಂದು ಹಿಡಿ ಮಾತ್ರ ಉಳಿಸಿ ಬಾಕಿಯದ್ದು ಗುಜರಿಗೆ. ಫ್ಯಾನಿನ 6201, 6202 ನಂಬರಿನ ಬೇರಿಂಗುಗಳನ್ನು ಕೈಯಲ್ಲಿ ತಿರುಗಿಸಿದೆ. ಕರಕರ ಅಂದದ್ದೆಲ್ಲ ಹೋಯಿತು.

ಮರ ಬಿಡುವುದು ಕಬ್ಬಿಣ ಬಿಡುವುದಕ್ಕಿಂತ ಕಷ್ಟ. ಅಟ್ಟದಲ್ಲಿ ಮಾವು, ರಬ್ಬರು, ಹಲಸು, ಬೀಟೆಯ ತುಂಡುಗಳಿದ್ದವು. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಮಾವು, ರಬ್ಬರಿನಿಂದ ಹಿಟ್ಟು ಉದುರಿತು, ಕುಟ್ಟೆ ಹಿಡಿದಿತ್ತು. ಆ ಮರಗಳಲ್ಲಿ ಪಿಷ್ಟ ಜಾಸ್ತಿ, ಹುಳಕ್ಕೆ ಅದೇ ಊಟ. ಹಲಸಿನಲ್ಲಿಯೂ ಹೊರಗಿನ ಬಿಳಿ ಭಾಗ ಹೋಗಿತ್ತು, ಒಳಗಿನ ಹಳದಿ ಚೇಗು ಗಟ್ಟಿಯಾಗಿಯೇ ಇತ್ತು. ಚೇಗು ಇರುವುದನ್ನು, ಅದೂ ಮೊಣಕೈಗಿಂತ ಉದ್ದದ್ದನ್ನು ಮಾತ್ರ ಇಟ್ಟುಕೊಂಡೆ. ಗಿಡ್ಡ ತುಂಡೆಲ್ಲ ಬಚ್ಚಲು ಒಲೆಗೆ. ಆ ವಾರ ಮನೆಯವರಿಗೆಲ್ಲ ಕುದಿಯುವ ನೀರಿನ ಸ್ನಾನ.

ಹಂಚು ಒಂದನ್ನೂ ಬಿಡಲಿಲ್ಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಎದ್ದವು. ಒಂದರ ಹಂಚು ಇನ್ನೊಂದರ ಕೊಕ್ಕೆಗೆ ಸರಿಯಾಗಿ ಕೂರುವುದಿಲ್ಲ. ನಮ್ಮ ಮಾಡಿನ ಹಂಚು ಈಗ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಮಂಗ ಹಾರಿ ಒಡೆದಾಗ ಬೇಕಾಗುವ 60 ಹಂಚು ಹೊರಗೋಡೆಗೆ ಒರಗಿ ನಿಂತಿವೆ. ಅವಕ್ಕೆ ಎಣ್ಣೆಯೂ ಬೇಡವಲ್ಲ!

ಆಸ್ಬೆಸ್ಟಾಸ್ ಶೀಟಿನ ತುಂಡುಗಳನ್ನು ಒಡೆಯದೆ, ಕೊರೆಯದೆ, ಒದ್ದೆ ಮಾಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬದಿಗಿಟ್ಟೆ. ಹಳೆ ಬ್ಯಾಟರಿ ಬ್ಯಾಟರಿ ಅಂಗಡಿಗೇ ಹಿಂದೆ ಹೋಯಿತು. ಗುಜರಿಯವರು ಬರುವ ಮೊದಲು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಕಬ್ಬಿಣ ಬೇರೆ ಬೇರೆ ಗೋಣಿಗೆ ತುಂಬಿದೆ. ಒಟ್ಟಿಗೆ ಕೊಟ್ಟರೆ ಎಲ್ಲವೂ ಕಬ್ಬಿಣದ ತೂಕಕ್ಕೆ ಹೋಗುತ್ತದೆ. ವಯರನ್ನು ಸುಟ್ಟು ತಾಮ್ರ ತೆಗೆಯುವ ಎಂದ ಅಳಿಯನನ್ನು ತಡೆದೆ. ಆ ಹೊಗೆ ಕುಡಿದು ಉಳಿಸುವ ದುಡ್ಡು ಬೇಡ.

ಪತ್ತನಾಜೆಗೆ ಎರಡು ದಿನ ಮೊದಲು ಬಾಗಿಲು ಪೂರ್ತಿ ತೆರೆಯಿತು. ಖುಷಿಯಲ್ಲಿ ಹಲಗೆ ನಯ ಮಾಡುವ ಅಪ್ಪನ ಮರದ ಕೀಸುಳಿ ತೆಗೆದು ಹಲಸಿನ ಹಲಗೆಯ ಮೇಲೆ ಆಡಿಸುವ ಎಂದು ಹೊರಟೆ. ಅಲಗನ್ನು ಕೂರಿಸಿದರೆ ಗಡಗಡ ಅಲ್ಲಾಡುತ್ತದೆ. ಬೆಣೆ ಇಲ್ಲ. ಬೆರಳುದ್ದದ, ಒಂದು ಕಡೆ ಚೂಪಾದ, ಎಣ್ಣೆ ಕುಡಿದು ಕಪ್ಪಾದ ಮರದ ತುಂಡು ನೆನಪಾಯಿತು. ನಾನೇ ಬಚ್ಚಲು ಒಲೆಗೆ ಹಾಕಿದ್ದೆ.

"ಎಂತ ಹುಡುಕುವುದು?" ಎಂದಳು ಹೆಂಡತಿ.

"ಏನಿಲ್ಲ."

"ಪುನಃ ಪೇಟೆಗೆ ಹೋಗುವುದಾ?"

ಬೆಣೆ ಪೇಟೆಯಲ್ಲಿ ಸಿಗುವುದಿಲ್ಲ. ಉಳಿಸಿಕೊಂಡಿದ್ದ ಬೀಟೆಯ ತುಂಡಿನಿಂದ ಕೊಯ್ದು ಮಾಡಿದೆ. ಮೊದಲನೆಯದು ಸಡಿಲ, ಎರಡನೆಯದು ಒಂದೇ ಬದಿಗೆ ಒತ್ತಿ ಅಲಗು ಓರೆಯಾಯಿತು, ಮೂರನೆಯದು ಕೀಸುಳಿಯ ಎರಡೂ ಕೆನ್ನೆಗೆ ಸರಿಯಾಗಿ ಕೂತಿತು. ಈಗ ಅದನ್ನು ದಾರದಲ್ಲಿ ಕೀಸುಳಿಗೇ ಕಟ್ಟಿ ಇಟ್ಟಿದ್ದೇನೆ. ಎಣ್ಣೆ ಹಚ್ಚುವಾಗ ಎರಡನ್ನೂ ಸೇರಿಸಿ ಒಂದೆಂದೇ ಲೆಕ್ಕ.