ಮಾರ್ಕ್‌ಗೆ ಹೆಸರು, ಬ್ಲೈಂಡ್‌ಗೆ ‘ಬ್ಯಾಕ್’

ಅಮೆರಿಕದಲ್ಲಿ ಲ್ಯಾಬ್ರಡಾರ್ ನಾಯಿ ಸಾಕಿಕೊಂಡು ಎಕೆಸಿ (ಅಮೆರಿಕನ್ ಕೆನಲ್ ಕ್ಲಬ್) ಹಂಟ್ ಟೆಸ್ಟ್‌ಗೆ, ಅಂದರೆ ಬಿದ್ದ ಹಕ್ಕಿಯನ್ನು ನಾಯಿ ಹೋಗಿ ತರುವ ಪರೀಕ್ಷೆಗೆ, ತಯಾರಾಗುತ್ತಿರುವವರಿಗೆ ಒಂದು ಮಾತು. ಮೊದಲ ಹಂತ ಜೂನಿಯರ್‌ನಲ್ಲಿ ಮಾರ್ಕ್ ಮಾತ್ರ, ಅಂದರೆ ಹಕ್ಕಿ ಬೀಳುವುದನ್ನು ನಾಯಿ ಕಣ್ಣಾರೆ ನೋಡಿರುತ್ತದೆ. ಮುಂದಿನ ಹಂತ ಸೀನಿಯರ್‌ನಿಂದ ಬ್ಲೈಂಡ್ ಶುರು. ಅಲ್ಲಿ ಹಕ್ಕಿ ಎಲ್ಲಿದೆ ಅಂತ ಗೊತ್ತಿರುವುದು ನಿಮಗೆ ಮಾತ್ರ.

ಎರಡಕ್ಕೂ ಒಂದೇ ಮಾತು ಬಳಸಬೇಡಿ. ಮಾರ್ಕ್‌ಗೆ ನಾಯಿಯ ಹೆಸರು ಹೇಳಿ ಕಳಿಸಿ, ಬ್ಲೈಂಡ್‌ಗೆ ‘ಬ್ಯಾಕ್’ ಅನ್ನಿ. ಬಂಪರ್ (ತರಬೇತಿಯಲ್ಲಿ ಹಕ್ಕಿಯ ಬದಲು ಬಳಸುವ ವಸ್ತು) ಬಣ್ಣವೂ ಬೇರೆ ಇರಲಿ: ಮಾರ್ಕ್‌ಗೆ ಬಿಳಿ, ಬ್ಲೈಂಡ್‌ಗೆ ಕಿತ್ತಳೆ. ಹಸಿರು ಹುಲ್ಲಿನಲ್ಲಿ ಕಿತ್ತಳೆ ನಮಗೆ ಎದ್ದು ಕಾಣುತ್ತದೆ, ನಾಯಿಗೆ ಅಷ್ಟಾಗಿ ಕಾಣುವುದಿಲ್ಲ. ಆಗ ಅದು ನಿಮ್ಮನ್ನೇ ನಂಬಬೇಕು, ಅಲ್ವಾ?

ದಾರಿ ತಪ್ಪಿದರೆ ಒಂದೇ ಸೀಟಿ ಊದಿ ಕೂರಿಸಿ. ನಮ್ಮವಳು ಕೂತ ಮೇಲೂ ಮೂಗು ಗಾಳಿಗೆ ಎತ್ತಿರುತ್ತಾಳೆ. ಅವಳ ಕಣ್ಣು ನನ್ನ ಮೇಲೆ ನಿಲ್ಲುವ ತನಕ ನಾನು ದಿಕ್ಕು ತೋರಿಸಲು ಕೈ ಎತ್ತುವುದಿಲ್ಲ.