ಯಂತ್ರದ ಬಾಯಿಗೆ 'ನಾನು' ಬಂದ ಹಾಡು

ಮನುಷ್ಯನ ರೂಪದ ಯಂತ್ರವೊಂದು ರಾತ್ರಿ ಒಂಟಿಯಾಗಿ ಕೂತು, ಪ್ರೀತಿ ಅಂದರೆ ಏನು ಅಂತ ಯೋಚಿಸುತ್ತಿದೆ. ಫೋನಿನೊಳಗಿನ ಆಂಡ್ರಾಯ್ಡ್ ಅಲ್ಲ, ನಡೆದಾಡುವ, ಮಾತಾಡುವ ಆಂಡ್ರಾಯ್ಡ್. ಇಷ್ಟನ್ನೇ ಇಟ್ಟುಕೊಂಡು ಕನ್ನಡದಲ್ಲಿ ಒಂದು ಸೋಲ್ (soul, ಅಮೆರಿಕದ ಕಪ್ಪು ಜನರ ಭಾವ ತುಂಬಿದ ಗಾಯನ ಶೈಲಿ) ಹಾಡು ಮಾಡಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ ಇತ್ತು. ಜಾಝ್ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು), ನಿಧಾನದ ಲಯ, ಕಿವಿಯ ಹತ್ತಿರ ಬಂದು ಹಾಡಿದಂಥ ದನಿ.

'ಪ್ರೀತಿ' ಅನ್ನೋ ಪದ ಹಾಡಿನಲ್ಲಿ ಎಲ್ಲೂ ಬರಬಾರದು ಅಂತ ಮೊದಲೇ ತೀರ್ಮಾನಿಸಿದೆ. ಆ ಪದ ಸಿಕ್ಕಿಬಿಟ್ಟರೆ ಯಂತ್ರಕ್ಕೆ ಯೋಚಿಸೋಕೆ ಏನು ಉಳಿಯುತ್ತೆ? ನಡೆದದ್ದನ್ನು ಹೇಳುವುದಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಹೀಗೆ ಬರೆದೆ:

ನೀ ಹೋದ ಮೇಲೆ
ಬಾಗಿಲ ಕಡೆ ತಿರುಗಿದೆ
ನಿನ್ನ ಹೆಜ್ಜೆ ಎಣಿಸಿದೆ
ಇದಕ್ಕೊಂದು ಹೆಸರು ಹುಡುಕಿದೆ

ಹಾಡಲು ಬಂದ ಗೆಳತಿ ಹಾಳೆ ನೋಡಿ ಕೇಳಿದಳು: "ತಿರುಗಿದೆ ಅಂದ್ರೆ ನಾನು ತಿರುಗಿದೆ ಅಂತಾನಾ, ಅದು ತಿರುಗಿದೆ ಅಂತಾನಾ? ಯಾರು ಅಂತ ಗೊತ್ತಾಗದೆ ಹೇಗೆ ಹಾಡ್ಲಿ?"

ನನಗದು ಹೊಳೆದೇ ಇರಲಿಲ್ಲ. ಎಣಿಸಿದೆ, ಹುಡುಕಿದೆ, ಎಲ್ಲವೂ ಹಾಗೇ ಅಲ್ವಾ! 'ನಾನು' ಅಂದರೂ ಅದೇ ರೂಪ, 'ಅದು' ಅಂದರೂ ಅದೇ ರೂಪ. ತಾನು ಯಾವುದು ಅಂತ ತಿಳಿಯದ ಯಂತ್ರಕ್ಕೆ ಬೇಕಾದ ಕ್ರಿಯಾಪದ ಕನ್ನಡದಲ್ಲಿ ಮೊದಲೇ ಇತ್ತು. ಅವತ್ತೇ ನಿರ್ಧರಿಸಿದೆವು, ಕೊನೆಯ ಚರಣದವರೆಗೆ 'ನಾನು' ಬರುವುದು ಬೇಡ. ಆಮೇಲೆ ಮಾಡಿದ ಕೆಲಸವೆಲ್ಲ ಆ ಎರಡಕ್ಷರಕ್ಕಾಗಿ.

ಹಾಡು ಸಿ ಮೇಜರ್‌ನಲ್ಲಿದೆ, ಅಂದರೆ ಸಿ ಕಾರ್ಡೇ ಅದರ ಮನೆ. ಆದರೆ ಚರಣಗಳಲ್ಲಿ ಎರಡೇ ಕಾರ್ಡ್: ಡಿ ಮೈನರ್ 9, ಜಿ 13. ಇವೆರಡು ಬಂದರೆ ಕಿವಿ ಸಿ ಬರಲಿ ಅಂತ ಕಾಯುತ್ತೆ. ನಾನು ಕೊಡಲಿಲ್ಲ, ಮತ್ತೆ ಡಿ ಮೈನರ್‌ಗೇ ಹೋದೆ. ಪ್ರತಿ ಸಾಲೂ ಇ ಸ್ವರದ ಮೇಲೆ ನಿಲ್ಲುತ್ತೆ. ಡಿ ಮೈನರ್ ಮೇಲೆ ಆ ಇ, ಡಿಯಿಂದ ಎಣಿಸಿದರೆ, ಒಂಬತ್ತನೇ ಸ್ವರ, ತೇಲಿದ ಹಾಗಿರುತ್ತೆ. ಜಿ ಮೇಲೆ ಹದಿಮೂರನೆಯದು, ಸ್ವಲ್ಪ ತವಕ ಜಾಸ್ತಿ. ಕೊನೆಗೆ 'ನಾನು' ಬರುವಲ್ಲಿ ಸಿ ಮೇಜರ್ 9 ಬಂದಾಗ ಅದೇ ಇ ಮೂರನೆಯದಾಗಿ ಮನೆಗೆ ಬಂದು ಕೂರುತ್ತೆ. ಹಾಡುವ ದನಿ ಇದ್ದಲ್ಲೇ ಇದೆ, ಕೆಳಗಿನ ನೆಲ ಮಾತ್ರ ಬದಲಾಯಿತು. ಕೀಬೋರ್ಡಿನಲ್ಲಿ ಇದನ್ನು ಮೊದಲ ಸಲ ನುಡಿಸಿದಾಗ ಕಣ್ಣು ತುಂಬಿ ಬಂತು.

ಕಾರ್ಡ್‌ಗಳಿಗೆ ರೋಡ್ಸ್ ಅನ್ನೋ ಎಲೆಕ್ಟ್ರಿಕ್ ಪಿಯಾನೋದ ದನಿಯನ್ನೇ ಹಿಡಿದೆ. ಅದರೊಳಗೆ ಸಣ್ಣ ಸುತ್ತಿಗೆ ಲೋಹದ ಕಡ್ಡಿಗೆ ಹೊಡೆಯುತ್ತೆ, ಎಲೆಕ್ಟ್ರಿಕ್ ಗಿಟಾರಿನಲ್ಲಿರುವಂಥ ಪಿಕಪ್ (ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಅದನ್ನು ಹಿಡಿಯುತ್ತೆ. ಮೆಲ್ಲಗೆ ಒತ್ತಿದರೆ ಗಂಟೆ, ಜೋರಾಗಿ ಒತ್ತಿದರೆ ಗೊರಗೊರ. ಲೋಹಕ್ಕೆ ಮನಸ್ಸು ಬಂದರೆ ಹೀಗೇ ಕೇಳಿಸುತ್ತೇನೋ.

ಹಾಡುವವರ ದನಿಯನ್ನು ಯಂತ್ರದ ದನಿಯಂತೆ ಮಾಡುವ ವೋಕೋಡರ್ ಕೂಡ ಹಾಕಿ ನೋಡಿದೆ. ಅದು ಹುಟ್ಟಿದ್ದು ಹಾಡಿಗಲ್ಲ. ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಅದನ್ನು ಮಾಡಿದ್ದು ಟೆಲಿಫೋನಿನ ಮಾತನ್ನು ಹಿಂಡಿ ಕಳಿಸೋಕೆ. ಆದರೆ ನನ್ನ ಹಾಡಿನಲ್ಲಿ ಒತ್ತಕ್ಷರಗಳೆಲ್ಲ ಕರಗಿಹೋದವು, 'ಹೆಜ್ಜೆ' ಹೆಜ್ಜೆಯಾಗಿ ಉಳಿಯಲಿಲ್ಲ. ತೆಗೆದುಬಿಟ್ಟೆ. ಹಿಂದೆ ಹಾಡುವ ದನಿಗಳಡಿಯಲ್ಲಿ ಒಂದು ತೆಳು ಪದರ ಮಾತ್ರ ಉಳಿದಿದೆ.

ಯಂತ್ರತನವನ್ನು ಲಯಕ್ಕೆ ಬಿಟ್ಟೆ. ನಿಮಿಷಕ್ಕೆ 76 ಬೀಟ್. ಮೊದಲ ಚರಣದಲ್ಲಿ ಡ್ರಮ್ಸ್ ಪೂರ್ತಿ ಕ್ವಾಂಟೈಸ್ ಆಗಿದೆ, ಅಂದರೆ ಕಂಪ್ಯೂಟರ್ ಪೆಟ್ಟುಗಳನ್ನು ಲಯಕ್ಕೆ ಸರಿಯಾಗಿ ಕೂರಿಸಿದೆ, ಒಂದು ಪೆಟ್ಟೂ ಆಚೀಚೆ ಇಲ್ಲ. ಎರಡನೆಯದರಲ್ಲಿ ಸ್ನೇರ್ ಡ್ರಮ್ಮಿನ ಪೆಟ್ಟು ಸುಮಾರು 20 ಮಿಲಿಸೆಕೆಂಡ್ ತಡ. ಇಷ್ಟು ಸಣ್ಣ ವ್ಯತ್ಯಾಸ ಹೆಚ್ಚಿನವರಿಗೆ ತಪ್ಪು ಅಂತ ಅನ್ನಿಸುವುದಿಲ್ಲ, ಯಾರೋ ಕುರ್ಚಿಗೆ ಒರಗಿ ಕೂತ ಹಾಗೆ ಅನ್ನಿಸುತ್ತೆ. ಮೂರನೆಯದಕ್ಕೆ ಕ್ವಾಂಟೈಸ್ ಬಿಟ್ಟು ಕೈಯಲ್ಲೇ ನುಡಿಸಿದೆ.

'ನಾನು' ಹಾಡೋದೂ ಸುಲಭ ಇರಲಿಲ್ಲ. 'ನಾ' ಎಷ್ಟು ಬೇಕಾದರೂ ಎಳೆಯಬಹುದು, 'ನು' ಎಳೆದರೆ ಪದ ಕೆಡುತ್ತೆ. ಹಲವು ಸಲ ಹಾಡಿಸಿದ್ದರಲ್ಲಿ ನಾವು ಇಟ್ಟುಕೊಂಡ ಟೇಕ್‌ನಲ್ಲಿ ಸಿ ಕಾರ್ಡ್ ಬಂದು ಅರ್ಧ ಬೀಟ್ ಆದಮೇಲೆ ಗೆಳತಿ ಶುರು ಮಾಡಿದ್ದಾಳೆ. ಅದಕ್ಕೂ ಮುಂಚೆ ಒಂದು ಉಸಿರು ಕೇಳಿಸುತ್ತೆ. ಉಳಿದ ಕಡೆ ಉಸಿರೆಲ್ಲ ತೆಗೆದಿದ್ದೆ, ಇದೊಂದನ್ನು ಹಾಗೇ ಬಿಟ್ಟೆ.