ಚೀಟಿ ಡಬ್ಬಿಯೂ ಅಜ್ಜಿಯ ಜಪಸರವೂ

ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹನ್ನೊಂದು ವರ್ಷದಿಂದ ದೊತೊರ್ನ್ ಹೇಳಿಕೊಡುತ್ತಿದ್ದೇನೆ. ದೊತೊರ್ನ್ ಅಂದರೆ ಧರ್ಮೋಪದೇಶ. ಭಾನುವಾರದ ಪೂಜೆ ಮುಗಿದ ಮೇಲೆ ಒಂದು ಗಂಟೆ. ನಮ್ಮ ಊರು 1956ರಲ್ಲಿ ಕೇರಳಕ್ಕೆ ಸೇರಿತು. ಆದರೆ ಇಲ್ಲಿಯ ಕೊಂಕಣಿ ಇಗರ್ಜಿಗಳು ಈಗಲೂ ಮಂಗಳೂರು ಧರ್ಮಪ್ರಾಂತ್ಯದವೇ. ಪ್ರಾರ್ಥನೆ ಪುಸ್ತಕ ಕೊಂಕಣಿಯಲ್ಲಿ, ಲಿಪಿ ಕನ್ನಡ. ಮಲಯಾಳ ಮೀಡಿಯಂಗೆ ಹೋಗುವ ಮಕ್ಕಳಿಗೆ ಅದನ್ನು ಓದಲು ಬರುವುದಿಲ್ಲ, ಕೇಳಿಯೇ ಬಾಯಿಪಾಠ ಮಾಡಬೇಕು. ಪಾಠ ವಿವರಿಸುವಾಗ ನಾನು ಕನ್ನಡದಲ್ಲೇ ಮಾತಾಡುತ್ತೇನೆ.

ದೃಢೀಕರಣ ಅನ್ನುವ ಸಂಸ್ಕಾರಕ್ಕೆ ತಯಾರಾಗುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಕೇಳಿದಳು: "ಟೀಚರ್, ವಿಗ್ರಹ ಮಾಡಬೇಡಿ ಅಂತ ಬೈಬಲಿನಲ್ಲೇ ಇದೆಯಲ್ಲ? ಮತ್ತೆ ನಾವು ಮಾತೆ ಮರಿಯಳ ಪ್ರತಿಮೆಗೆ ಯಾಕೆ ಹೂ ಹಾಕುವುದು?" ಕ್ಲಾಸಿನ ಗೆಳತಿಯೊಬ್ಬಳು ಅವಳನ್ನು ಹಾಗೆ ಕೇಳಿದ್ದಳಂತೆ. ನನಗೆ ಸಿಟ್ಟು ಬಂತು. "ಮೊಂತಿ ಫೆಸ್ತಿಗೆ ಒಂಬತ್ತು ದಿನ ಹೂ ತಂದವಳು ನೀನೇ ಅಲ್ವಾ? ಈಗ ಯಾಕೆ ಈ ಮಾತು?" ಅಂದುಬಿಟ್ಟೆ. ಮೊಂತಿ ಫೆಸ್ತ್ ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ. ಅವಳು ತಲೆ ತಗ್ಗಿಸಿ ಕೂತಳು. ಮುಂದಿನ ಮೂರು ಭಾನುವಾರ ಬರಲೇ ಇಲ್ಲ. ತಪ್ಪು ನನ್ನದೇ. ಅವಳು ಕೇಳಿದ್ದು ನಂಬಿಕೆ ಬಿಡುವುದಕ್ಕಲ್ಲ, ಹಿಡಿದುಕೊಳ್ಳುವುದಕ್ಕೆ.

ಆಗ ಇಗರ್ಜಿಯಲ್ಲಿ ಇದ್ದ ಪದ್ರಾಬರ (ಪಾದ್ರಿಗಳ) ಹತ್ತಿರ ಹೇಳಿಕೊಂಡೆ. ಅವರು ಬೈಯಲಿಲ್ಲ. ಸಂತ ಥಾಮಸ್ ಅಕ್ವಿನಾಸ್ ಬರೆಯುತ್ತಿದ್ದ ಕ್ರಮವನ್ನು ವಿವರಿಸಿದರು. 13ನೇ ಶತಮಾನದ ಆ ಪಂಡಿತ ಮೊದಲು ಎದುರು ಪಕ್ಷದ ವಾದಗಳನ್ನೇ ಒಂದೊಂದಾಗಿ ಬರೆಯುತ್ತಾರೆ. ಆಮೇಲೆ ಅದಕ್ಕೆ ಎದುರಾಗಿ ಬೈಬಲಿನದ್ದೋ ಹಿರಿಯರದ್ದೋ ಒಂದು ಮಾತು, ಆಮೇಲೆ ತಮ್ಮ ಉತ್ತರ, ಕೊನೆಗೆ ಪ್ರತಿ ವಾದಕ್ಕೂ ಬೇರೆ ಬೇರೆ ಸಮಾಧಾನ. ದೇವರು ಇದ್ದಾನೆಯೇ ಅನ್ನುವ ಪ್ರಶ್ನೆಯಲ್ಲೂ ಅವರು ಶುರು ಮಾಡುವುದು "ಇಲ್ಲ ಅಂತ ಕಾಣುತ್ತದೆ" ಎಂದು. "ಟೀಚರ್, ಸಂತರೇ ಅಷ್ಟು ಬರೆಯಲು ಹೆದರಲಿಲ್ಲ. ನೀವು ಯಾಕೆ ಹೆದರುತ್ತೀರಿ?" ಎಂದರು ಪದ್ರಾಬ್.

ನಾನು ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮುಂದಿನ ವಾರದಿಂದ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟೆ. ಪ್ರಶ್ನೆ ಬರೆದು ಹಾಕಬೇಕು, ಹೆಸರು ಬೇಡ, ಭಾಷೆ ಯಾವುದಾದರೂ ಆಗಬಹುದು. ಒಂದು ಭಾನುವಾರಕ್ಕೆ ಒಂದೇ ಚೀಟಿ. ಒಬ್ಬರು ಎದ್ದು ನಿಂತು ಆ ಪ್ರಶ್ನೆಯನ್ನು ಕೇಳಿದವರ ಪರವಾಗಿಯೇ ಮಾತಾಡಬೇಕು. ಕೇಳಿದವರು ಇಲ್ಲೇ ಕೂತಿದ್ದರೆ "ಹೌದು, ನಾನು ಹೇಳಿದ್ದು ಇದೇ" ಅನ್ನುವ ಹಾಗಿರಬೇಕು. ತಮಾಷೆ ಮಾಡಬಾರದು. ಇದೊಂದು ನಿಯಮವನ್ನು ನಾನು ಯಾವತ್ತೂ ಸಡಿಲಿಸಿಲ್ಲ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ತಯಾರಾಗಿರಿ ಅಂತ ಇದೆ. ಅದನ್ನು ಮೃದುವಾಗಿ, ಗೌರವದಿಂದ ಕೊಡಬೇಕು ಅಂತಲೂ ಅಲ್ಲೇ ಇದೆ.

ಮೊದಲು ತೆಗೆದುಕೊಂಡದ್ದು ಅವಳ ಪ್ರಶ್ನೆಯನ್ನೇ. ವಿಮೋಚನಾಕಾಂಡದ 20ನೇ ಅಧ್ಯಾಯ ಓದಿದೆವು, ವಿಗ್ರಹ ಬೇಡ ಅಂತ ಸ್ಪಷ್ಟವಾಗಿದೆ. ಐದು ಅಧ್ಯಾಯ ದಾಟಿದರೆ ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮೇಲೆ ಎರಡು ಚಿನ್ನದ ಕೆರೂಬಿಗಳನ್ನು, ಅಂದರೆ ರೆಕ್ಕೆಯ ದೇವದೂತರನ್ನು, ಮಾಡಲು ದೇವರೇ ಹೇಳುತ್ತಾರೆ. ಸಂಖ್ಯಾಕಾಂಡದಲ್ಲಿ ಮೋಶೆ ಕಂಚಿನ ಸರ್ಪ ಮಾಡಿಸುತ್ತಾನೆ, ಅದನ್ನು ನೋಡಿದವರು ಬದುಕುತ್ತಾರೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾವು ಗೆದ್ದ ಹಾಗೆ ಇರುತ್ತಿತ್ತು. ಆದರೆ ಜನ ಆ ಸರ್ಪಕ್ಕೇ ಧೂಪ ಹಾಕಲು ಶುರು ಮಾಡಿದಾಗ ಅರಸ ಹಿಜ್ಕೀಯ ಅದನ್ನು ಒಡೆದು ಹಾಕಿದ. ಅದೂ ಬೈಬಲಿನಲ್ಲಿದೆ, ಅರಸುಗಳ ಎರಡನೇ ಗ್ರಂಥದ 18ನೇ ಅಧ್ಯಾಯದಲ್ಲಿ. ಅದನ್ನೂ ಮಕ್ಕಳಿಗೆ ಓದಿಸಿದೆ. ಮುಚ್ಚಿಟ್ಟರೆ ನಾಳೆ ಬೇರೆ ಯಾರೋ ತೋರಿಸುತ್ತಾರೆ, ಆಗ ನಾನು ಹೇಳಿದ್ದೆಲ್ಲ ಸುಳ್ಳಾಗುತ್ತದೆ.

ಆಮೇಲೆ ದಮಾಸ್ಕಸ್‌ನ ಸಂತ ಯೊವಾನ್ನರ ಬಗ್ಗೆ ಹೇಳಿದೆ. 8ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಪವಿತ್ರ ಚಿತ್ರಗಳನ್ನು ತೆಗೆಸಲು ಹೊರಟಾಗ ಅವುಗಳ ಪರವಾಗಿ ಬರೆದ ಸನ್ಯಾಸಿ ಅವರು. ಕಣ್ಣಿಗೆ ಕಾಣದ ದೇವರನ್ನು ಚಿತ್ರಿಸಲು ಆಗುವುದಿಲ್ಲ ನಿಜ, ಆದರೆ ಆ ದೇವರೇ ಯೇಸುವಿನಲ್ಲಿ ಮನುಷ್ಯನಾಗಿ ಕಾಣಿಸಿಕೊಂಡ ಮೇಲೆ ಕಂಡ ಮುಖವನ್ನು ಬರೆಯಬಹುದು ಎನ್ನುವುದು ಅವರ ವಾದ. ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ಸಲ್ಲುವುದು ಗೌರವ. 787ರ ಎರಡನೇ ನೈಸಿಯಾ ಮಹಾಸಭೆ ಇದನ್ನೇ ಒಪ್ಪಿ ತೀರ್ಮಾನಿಸಿತು.

ಹುಡುಗಿ ಎಲ್ಲ ಬರೆದುಕೊಂಡಳು. ಆದರೆ ಅವಳ ಮುಖ ಬೆಳಗಿದ್ದು ಇನ್ನೊಂದು ದಿನ. ಅವತ್ತು ಅವಳು ಅಜ್ಜಿಯ ಜಪಸರ ತಂದಿದ್ದಳು. ಮರದ ಮಣಿಗಳು ಕೈಯ ಎಣ್ಣೆಗೆ ಕಪ್ಪಾಗಿದ್ದವು. ಹತ್ತು ಹತ್ತು ಮಣಿಗಳ ಸಾಲುಗಳಲ್ಲಿ ಮೂರನೆಯದರ ಒಂದು ಮಣಿ ಕಳೆದುಹೋಗಿ, ಅದರ ಜಾಗದಲ್ಲಿ ಅಂಗಿಯ ಬಿಳಿ ಗುಂಡಿ ಪೋಣಿಸಿದ್ದರು. ಅಜ್ಜಿಗೆ ಓದು ಬರಹ ಗೊತ್ತಿರಲಿಲ್ಲ. ಆದರೂ ಒಂದು ದಿನವೂ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ತಪ್ಪಿಸಿದವರಲ್ಲ. ಹಿಂದೆ ಸನ್ಯಾಸಿಗಳು 150 ಕೀರ್ತನೆಗಳನ್ನು ಹಾಡುತ್ತಿದ್ದರು, ಓದಲು ಬಾರದವರು ಅಷ್ಟೇ ಸಂಖ್ಯೆಯಲ್ಲಿ ಬಾಯಿಪಾಠದ ಪ್ರಾರ್ಥನೆ ಹೇಳುತ್ತಿದ್ದರು ಅಂತ ತಿಳಿಸಿದೆ. ಜಪಸರದಲ್ಲಿ ಮತ್ತೆ ಮತ್ತೆ ಹೇಳುವ "ನಮಾನ್ ಮರಿಯೆ" (ನಮೋ ಮರಿಯ) ಪ್ರಾರ್ಥನೆಯ ಮೊದಲ ಭಾಗ ಲೂಕನ ಶುಭಸಂದೇಶದ್ದು ಅಂತ 1ನೇ ಅಧ್ಯಾಯ ತೆಗೆದು ತೋರಿಸಿದೆ. ದೇವದೂತನ ಮಾತು, ಎಲಿಜಬೆತಳ ಮಾತು. "ಹಾಗಾದರೆ ಅಜ್ಜಿ ದಿನಾ ಬೈಬಲ್ ಹೇಳುತ್ತಿದ್ದರಾ?" ಅಂದಳು. ಹೌದು ಮಗಾ, ದಿನಾ.

ವರ್ಷಕ್ಕೊಮ್ಮೆ ಮಕ್ಕಳನ್ನು ಮುಡಿಪುವಿಗೆ ಕರೆದುಕೊಂಡು ಹೋಗುತ್ತೇನೆ. ಗಡಿ ದಾಟಿದರೆ ದೂರವೇನಲ್ಲ. ಅಲ್ಲಿ ಸಂತ ಜೋಸೆಫ್ ವಾಜ್ ಅವರ ಪುಣ್ಯಕ್ಷೇತ್ರವಿದೆ. ಗೋವಾದ ಈ ಗುರು 1681ರಲ್ಲಿ ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ, ಬಂದರು. ಆಗ ಇಲ್ಲಿಯ ಕ್ರೈಸ್ತರು ಗೋವಾದ ಆರ್ಚ್‌ಬಿಷಪ್ ಕಡೆ, ರೋಮ್ ನೇಮಿಸಿದ ಬಿಷಪ್ ಕಡೆ ಅಂತ ಒಡೆದಿದ್ದರು. ಇವರು ಜಗಳ ತಣಿಸಿದರು. ಮುಂದೆ ಶ್ರೀಲಂಕಾಕ್ಕೆ ಹೋದರು. ಅಲ್ಲಿಯ ಕರಾವಳಿಯಲ್ಲಿ ಡಚ್ಚರ ಆಡಳಿತ, ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಭಿಕ್ಷುಕನ ವೇಷದಲ್ಲಿ ಜಾಫ್ನಾದಲ್ಲಿ ಮನೆಮನೆ ತಿರುಗಿದರು, ಕೊರಳಲ್ಲಿ ಜಪಸರ ಹಾಕಿಕೊಂಡು. ಅದನ್ನು ನೋಡಿ ಯಾರ ಕಣ್ಣು ಅರಳುತ್ತದೋ ಅವರೇ ಅಡಗಿದ್ದ ಕ್ರೈಸ್ತರು. ಅವರ ಹಿಂದೆ 1705ರಲ್ಲಿ ಹೋದ ಜಾಕೊಮೆ ಗೊನ್ಸಾಲ್ವಿಸ್ ಕೂಡ ಗೋವಾದವರೇ. ಅವರು ಸಿಂಹಳವನ್ನೂ ತಮಿಳನ್ನೂ ಕಲಿತು ಆ ಭಾಷೆಗಳಲ್ಲೇ ಪ್ರಾರ್ಥನೆ ಬರೆದರು, ಎದುರು ವಾದಗಳಿಗೆ ಉತ್ತರವನ್ನೂ ಬರೆದರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಆಗಿರುವ ನಮ್ಮ ಮಕ್ಕಳಿಗೆ ಇವರಿಬ್ಬರ ಕಥೆ ಎಷ್ಟು ಹತ್ತಿರ ಅನಿಸುತ್ತದೆ ಅಂದರೆ, ವಾಪಸು ಬರುವಾಗ ಬಸ್ಸಿನಲ್ಲೂ ಅದೇ ಮಾತು.

ಕಳೆದ ಭಾನುವಾರ ಡಬ್ಬಿಯಲ್ಲಿ ಮಲಯಾಳದ ಚೀಟಿಯೊಂದಿತ್ತು. ಸತ್ತವರಿಗಾಗಿ ನಾವು ಪ್ರಾರ್ಥಿಸಿದರೆ ಅವರಿಗೆ ಅದು ಮುಟ್ಟುತ್ತದಾ ಅಂತ. ಅಕ್ಷರ ನಡುಗಿದ ಹಾಗಿತ್ತು. ಈ ವರ್ಷ ಕ್ಲಾಸಿನ ಒಬ್ಬ ಹುಡುಗನ ಅಪ್ಪ ತೀರಿಕೊಂಡಿದ್ದಾರೆ. ಸತ್ತವರಿಗಾಗಿ ಪ್ರಾರ್ಥಿಸಿದ್ದನ್ನು ಹೇಳುವ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯಕ್ಕೆ ಗುರುತು ಇಟ್ಟಿದ್ದೇನೆ. ಆದರೆ ಅದನ್ನು ತೆಗೆಯುವ ಮೊದಲು, ಕ್ಲಾಸು ಮುಗಿದ ಮೇಲೆ ಅವನೊಟ್ಟಿಗೆ ಸಿಮಿತ್ರಿಗೆ (ಸ್ಮಶಾನಕ್ಕೆ) ಹೋಗಿ ಒಂದು ತೆರ್ಸ್ ಹೇಳಿ ಬರಬೇಕು.